ಅಲ್ಲಾಡದೆ ನಿಂತವರು ಯಾರು?

ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ರಸ್ತೆಯದ್ದೊಂದು ಹಳೇ ಫೋಟೋ ಉಂಟು. 1838ರಲ್ಲಿ ಲೂಯಿ ಡಾಗೇರ್ ಎತ್ತರದ ಒಂದು ಕಿಟಕಿಯಿಂದ ತೆಗೆದದ್ದು. ಅಗಲವಾದ ರಸ್ತೆ, ಎರಡೂ ಬದಿಗೆ ಮರಗಳ ಸಾಲು, ಸಾಲು ಮನೆಗಳು, ಹೊಗೆಗೂಡುಗಳು. ಎಲ್ಲವೂ ಚೊಕ್ಕಟ. ಆದರೆ ರಸ್ತೆ ಪೂರ್ತಿ ಖಾಲಿ. ಆ ಹೊತ್ತಿನಲ್ಲಿ ಅಲ್ಲಿ ಜನ ಇದ್ದರು, ಕುದುರೆಗಾಡಿಗಳು ಓಡುತ್ತಿದ್ದವು. ಆಗಿನ ತಟ್ಟೆಯ ಮೇಲೆ ಚಿತ್ರ ಮೂಡಬೇಕಾದರೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತು ಒಂದೇ ಕಡೆ ನಿಲ್ಲದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಎಡಗಡೆ ಕೆಳಗೆ, ಫುಟ್‌ಪಾತಿನ ಅಂಚಿನಲ್ಲಿ, ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ. ಒಂದು ಕಾಲು ಪೆಟ್ಟಿಗೆಯ ಮೇಲಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ.

ಟೆಲಿಗ್ರಾಫಿನ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಡಾಗೇರನ ಮನೆಗೆ ಹೋಗಿ ಈ ಚಿತ್ರಗಳನ್ನು ನೋಡಿದ. ಜನರಿಂದ ತುಂಬಿರುವ ರಸ್ತೆ ಹೀಗೆ ನಿರ್ಜನವಾಗಿ ಕಾಣುವುದನ್ನು ಕಂಡು ಬೆರಗಾಗಿ ಊರಿನ ಪತ್ರಿಕೆಗೆ ಬರೆದ. ಬೂಟು ಹಾಕಿಕೊಂಡವನ ಕಾಲುಗಳು ಮಾತ್ರ ಸರಿಯಾಗಿ ಮೂಡಿವೆ, ಯಾಕೆಂದರೆ ಅವು ಅಲ್ಲಾಡುವಂತಿರಲಿಲ್ಲ ಅನ್ನುವುದನ್ನೂ ಅವನು ಗಮನಿಸಿದ್ದ. ಅಂದಿನಿಂದ ಇಂದಿನವರೆಗೆ ಈ ಚಿತ್ರದ ಕೆಳಗೆ ಬರೆಯುವುದು ಒಂದೇ ಮಾತು: ಫೋಟೋದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯ ಇವನು.

ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ಅಲ್ಲಿ ಇರುವುದು ಒಬ್ಬನಲ್ಲ, ಇಬ್ಬರು. ಪಾಲಿಶ್ ಮಾಡುವವನೂ ಅಷ್ಟೇ ಹೊತ್ತು ಅದೇ ಜಾಗದಲ್ಲಿ ಕೂತಿದ್ದ. ಅವನ ಕೈ ಮೈ ಕೆಲಸ ಮಾಡುತ್ತಿತ್ತು, ಅದಕ್ಕೇ ಅವನು ಒಂದು ಕಪ್ಪು ಕಲೆಯಾಗಿ ಹೋದ. ಕಾಲು ಚಾಚಿ ನಿಂತವನು ‘ಮೊದಲ ಮನುಷ್ಯ’ ಅನ್ನಿಸಿಕೊಂಡ. ಬಗ್ಗಿ ದುಡಿದವನು ಆ ಮನುಷ್ಯನ ಪಕ್ಕದ ಕಲೆ ಆದ. ಫೋಟೋಗ್ರಫಿ ಹುಟ್ಟಿದ ದಿನದಲ್ಲೇ ಈ ಅನ್ಯಾಯ ಆಗಿದೆ. ಯಾರೂ ಬೇಕೂಂತ ಮಾಡಿದ್ದಲ್ಲ, ಬೆಳಕಿನ ಲೆಕ್ಕಾಚಾರವೇ ಹಾಗಿತ್ತು. ಆದರೆ ಈಗ ನಮ್ಮ ಕೈಯಲ್ಲಿರುವ ಕ್ಯಾಮೆರಾಕ್ಕೆ ಆ ಅನಿವಾರ್ಯ ಇಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ಬರುತ್ತದೆ. ಹಾಗಿದ್ದೂ ನಾವು ಬೇಕೂಂತಲೇ ಶಟರನ್ನು ನಾಲ್ಕು ಸೆಕೆಂಡು, ಮೂವತ್ತು ಸೆಕೆಂಡು ತೆರೆದಿಟ್ಟು ನಡೆಯುವ ಜನರನ್ನು ಮಂಜು ಮಾಡುತ್ತೇವೆ. ಬೇಕೂಂತ ಮಾಡಿದ ಮೇಲೆ ಅದಕ್ಕೆ ಉತ್ತರ ಕೊಡುವ ಜವಾಬ್ದಾರಿಯೂ ನಮ್ಮದೇ.

ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಉಂಟು. ನನ್ನ ಅಬ್ಬ ಊರು ಬಿಟ್ಟು ಮುಂಬಯಿಗೆ ಬಂದು, ಮಸ್ಜಿದ್ ಸ್ಟೇಷನ್ನಿನ ಹೊರಗೆ ಇಪ್ಪತ್ತಾರು ವರ್ಷ ಚಹಾದ ಗಾಡಿ ಇಟ್ಟವರು. ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಒಂದೇ ಜಾಗ. ಅವರ ಎದುರಿನಿಂದ ದಿನಕ್ಕೆ ಎಷ್ಟು ಸಾವಿರ ಜನ ಹಾದುಹೋಗಿರಬಹುದು, ಲೆಕ್ಕ ಇಲ್ಲ. ಅವರದ್ದು ಅಂತ ನಮ್ಮ ಹತ್ರ ಇರುವುದು ಪಾಸ್‌ಪೋರ್ಟ್ ಸೈಜಿನ ಒಂದೇ ಫೋಟೋ, ಅದರ ಮೂಲೆಯಲ್ಲಿ ಯಾವುದೋ ಆಫೀಸಿನ ಮೊಹರು ಬೇರೆ ಬಿದ್ದಿದೆ. ನಾನು ಕ್ಯಾಮೆರಾ ಹಿಡಿದದ್ದು ಅವರು ತೀರಿಕೊಂಡ ಮೇಲೆ. ದೀರ್ಘ ಎಕ್ಸ್‌ಪೋಷರ್ ಅಂದರೇನು ಅಂತ ಮೊದಲ ಸಲ ಅರ್ಥವಾದಾಗ ಮನಸ್ಸಿಗೆ ಬಂದದ್ದು ಒಂದೇ: ಓಡಾಡುವವರು ಅಳಿಸಿಹೋಗಿ ನಿಂತವರು ಉಳಿಯುವ ಚಿತ್ರದಲ್ಲಿ ಅಬ್ಬ ಇದ್ದಿದ್ದರೆ, ಅವರೊಬ್ಬರೇ ಉಳಿಯುತ್ತಿದ್ದರು. ಇದು ಅರ್ಧ ಮಾತ್ರ ಸರಿ ಅಂತ ಗೊತ್ತಾಗಲು ನನಗೆ ನಾಲ್ಕು ವರ್ಷ ಹಿಡಿಯಿತು.

ಲೆಕ್ಕ ಸರಳ. ಸಾಧಾರಣ ನಡಿಗೆಯ ಮನುಷ್ಯ ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗುತ್ತಾನೆ. ಶಟರು ಸೆಕೆಂಡಿನ ಹದಿನೈದನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವನು ಒಂಬತ್ತು ಸೆಂಟಿಮೀಟರ್ ಸರಿದಿರುತ್ತಾನೆ. ಮುಖ ತೊಳೆದ ಹಾಗಾಗುತ್ತದೆ, ಆದರೆ ಇವನು ಮನುಷ್ಯ, ಇವನ ಕೈಯಲ್ಲಿ ಡಬ್ಬಿ ಉಂಟು ಅಂತ ತಿಳಿಯುತ್ತದೆ. ಕಾಲು ಸೆಕೆಂಡಿಗೆ ಇನ್ನೊಂದು ವಿಚಿತ್ರ: ದೇಹ ಹೊಗೆಯಾದರೂ ನೆಲಕ್ಕೆ ಊರಿದ ಪಾದ ಮಾತ್ರ ಖಚಿತವಾಗಿ ಉಳಿಯುತ್ತದೆ, ಯಾಕೆಂದರೆ ಆ ಹೊತ್ತಿನಲ್ಲಿ ಪಾದ ನಿಜವಾಗಿಯೂ ಅಲ್ಲಾಡುವುದಿಲ್ಲ. ಎರಡು ಸೆಕೆಂಡಿಗೆ ನೆರಳು. ಹತ್ತು ಸೆಕೆಂಡಿಗೆ ಮಂಜು. ಮೂವತ್ತಾದರೆ ಏನೂ ಇಲ್ಲ, ಡಾಗೇರನ ಖಾಲಿ ರಸ್ತೆ. ಹಗಲಿನಲ್ಲಿ ಇದನ್ನು ಮಾಡಬೇಕಾದರೆ ಲೆನ್ಸಿನ ಮುಂದೆ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಬೇಕು. ಹತ್ತು ಸ್ಟಾಪಿನ ಫಿಲ್ಟರು ಬೆಳಕನ್ನು ಸಾವಿರ ಪಟ್ಟು ತಗ್ಗಿಸುತ್ತದೆ. ನೂರನೇ ಒಂದು ಸೆಕೆಂಡಿನ ಬಿಸಿಲು ಹತ್ತು ಸೆಕೆಂಡಿನ ಬಿಸಿಲಾಗುತ್ತದೆ. ಅಷ್ಟೇ. ಇದರಲ್ಲಿ ಮಾಂತ್ರಿಕತೆ ಏನೂ ಇಲ್ಲ. ಹಾಗಾಗಿ ಮಂಜು ಬಂತು ಅನ್ನುವುದೇ ಸಾಧನೆ ಆಗಲಾರದು. ಯಾಕೆ ಬಂತು, ಅದರೊಳಗೆ ಏನು ಉಳಿಯಿತು ಅಂತ ಕೇಳಬೇಕು.

ಈ ಪ್ರಶ್ನೆಗೆ ಅತ್ಯಂತ ಗಟ್ಟಿ ಉತ್ತರ ಕೊಟ್ಟವರು ಅಲೆಕ್ಸಿ ಟಿಟರೆಂಕೊ. 1962ರಲ್ಲಿ ಲೆನಿನ್‌ಗ್ರಾಡಿನಲ್ಲಿ ಹುಟ್ಟಿದವರು. ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ಕುಸಿಯಿತು, 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ಸರಕಾರಿ ಹಿಡಿತ ಬಿಟ್ಟರು. ಜೀವಮಾನದ ಉಳಿತಾಯಕ್ಕೆ ಬೆಲೆ ಇಲ್ಲದಾಯಿತು. ಅಂಗಡಿಯಲ್ಲಿ ಸಾಮಾನಿಲ್ಲ, ಹೊರಗೆ ಕ್ಯೂ. ಆಗಷ್ಟೇ ಸೇಂಟ್ ಪೀಟರ್ಸ್‌ಬರ್ಗ್ ಅಂತ ಹಳೇ ಹೆಸರನ್ನು ಮರಳಿ ಪಡೆದಿದ್ದ ಆ ಊರಿನಲ್ಲಿ, ಚಳಿಗಾಲದ ಮಬ್ಬು ಬೆಳಕಿನಲ್ಲಿ, ಟಿಟರೆಂಕೊ ಶಟರು ಬಹಳ ಹೊತ್ತು ತೆರೆದಿಟ್ಟು ಜನರನ್ನು ತೆಗೆದರು. ‘ನೆರಳುಗಳ ನಗರ’ ಅನ್ನುವ ಸರಣಿ ಅದು. ಅದರಲ್ಲಿ ವಸಿಲಿಯೊಸ್ಟ್ರೊವ್‌ಸ್ಕಯಾ ಮೆಟ್ರೊ ನಿಲ್ದಾಣದ ಮೆಟ್ಟಿಲಿನ ಚಿತ್ರ ನೋಡಿದವರು ಮರೆಯಲಾರರು. ಮೆಟ್ಟಿಲು ಹತ್ತುವ ಗುಂಪು ಹೊಗೆಯ ಹಾಗೆ ಕದಡಿಹೋಗಿದೆ, ಒಂದು ಮುಖವೂ ಇಲ್ಲ. ಕಂಬಿಯ ಮೇಲೆ ಮಾತ್ರ ಕೈಗಳು ಕಾಣುತ್ತವೆ. ಬೀಳದಿರಲಿಕ್ಕೆ ಹಿಡಿದುಕೊಂಡ ಕೈ ತುಸು ಹೊತ್ತು ಅಲ್ಲೇ ಇರುತ್ತದಲ್ಲ, ಅಷ್ಟು ಹೊತ್ತು ಫಿಲ್ಮಿಗೆ ಸಾಕಾಗಿದೆ.

ಆ ಕೈಗಳಿಲ್ಲದಿದ್ದರೆ ಆ ಚಿತ್ರ ಬರೀ ಹೊಗೆ. ಕೈಗಳಿರುವುದರಿಂದ, ಇಷ್ಟೂ ಜನ ಏನನ್ನೋ ಹಿಡಿದುಕೊಳ್ಳಲು ಹೆಣಗುತ್ತಿದ್ದಾರೆ ಅನ್ನುವುದು ಹೇಳದೆಯೇ ತಿಳಿಯುತ್ತದೆ. ಮಂಜು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಆ ವರ್ಷ ಆ ಊರಿನಲ್ಲಿ ಮನುಷ್ಯರು ತಮ್ಮ ಕಣ್ಣಿಗೇ ನೆರಳುಗಳಾಗಿದ್ದರು. ಟಿಟರೆಂಕೊ ಪರದೇಶಿಯಾಗಿ ಅದನ್ನು ನೋಡಲಿಲ್ಲ, ಅದೇ ಕ್ಯೂಗಳ ಊರಿನವರಾಗಿ ನೋಡಿದರು. ಅವರ ನಂತರ ಇಂಟರ್‌ನೆಟ್ಟಿನ ತುಂಬ ಅದೇ ಬಗೆಯ ಮೆಟ್ಟಿಲು, ಅದೇ ಬಗೆಯ ಹೊಗೆ ಬಂದಿದೆ. ತಂತ್ರ ಅದೇ. ಆದರೆ ಹೆಚ್ಚಿನವುಗಳಲ್ಲಿ ಕೈ ಇಲ್ಲ. ಅಂದರೆ ಜನ ಯಾಕೆ ಕರಗಿದರು ಅನ್ನುವುದಕ್ಕೆ ‘ಫಿಲ್ಟರ್ ಇತ್ತು’ ಅನ್ನುವುದಕ್ಕಿಂತ ದೊಡ್ಡ ಕಾರಣ ಅಲ್ಲಿಲ್ಲ.

ನಮ್ಮ ಊರಿಗೇ ಬರೋಣ. ರಘು ರಾಯ್ 1995ರಲ್ಲಿ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರವನ್ನು ಮುಂಬಯಿಯವರು ಎಲ್ಲಾದರೂ ನೋಡಿಯೇ ಇರುತ್ತೀರಿ. ಲೋಕಲಿನಿಂದ ಇಳಿದ ಜನ ಪ್ರವಾಹದ ಹಾಗೆ ಹರಿಯುತ್ತಿದ್ದಾರೆ, ಅದರ ನಡುವೆ ಪೇಪರು ಓದುತ್ತಾ ಅಲ್ಲಾಡದೆ ಉಳಿದವರು ಸ್ಪಷ್ಟವಾಗಿ ಮೂಡಿದ್ದಾರೆ. ಟಿಟರೆಂಕೊ ಅವರದ್ದು ದುಃಖದ ಚಿತ್ರವಾದರೆ ಇದರಲ್ಲೊಂದು ನಗು ಉಂಟು. ಆ ನೂಕುನುಗ್ಗಲಿನಲ್ಲಿ ನಿಂತು ಪೇಪರು ಓದುವುದು ಅಂದರೆ ಸಣ್ಣ ಹಟವಲ್ಲ. ದಿನಾ ಲೋಕಲಿನಲ್ಲಿ ಹೋಗುವವರಿಗೆ ಅದು ಗೊತ್ತುಂಟು: ನಾಲ್ಕು ಬೆರಳಿನಷ್ಟು ಮಡಿಚಿದ ಪೇಪರಿನ ಹಿಂದೆ ಒಬ್ಬ ಮನುಷ್ಯ ತನ್ನದೇ ಒಂದು ಕೋಣೆ ಕಟ್ಟಿಕೊಳ್ಳುತ್ತಾನೆ. ಓಡುವವರನ್ನು ರಘು ರಾಯ್ ಹೀನಾಯ ಮಾಡಿಲ್ಲ, ನಿಂತವರನ್ನು ಸಂತರನ್ನಾಗಿಯೂ ಮಾಡಿಲ್ಲ. ಈಗ ಓದುತ್ತಿರುವವನು ಇನ್ನೈದು ನಿಮಿಷದಲ್ಲಿ ಪೇಪರು ಮಡಿಚಿ ಅದೇ ಪ್ರವಾಹಕ್ಕೆ ಇಳಿಯುತ್ತಾನೆ. ಅದೇ ಈ ಚಿತ್ರದ ನ್ಯಾಯ. ಯಾರು ಮಂಜು, ಯಾರು ಮನುಷ್ಯ ಅನ್ನುವುದು ಇಲ್ಲಿ ಹಣೆಬರಹವಲ್ಲ, ಸರದಿ.

ಡಚ್ ಫೋಟೋಗ್ರಾಫರ್ ಮಾರ್ಟಿನ್ ರೋಮರ್ಸ್ ಅವರ ‘ಮೆಟ್ರೊಪೊಲಿಸ್’ ಬಗ್ಗೆ ನನಗೆ ಎರಡು ಮನಸ್ಸು. ಕೋಟಿಗೂ ಹೆಚ್ಚು ಜನರಿರುವ ಮಹಾನಗರಗಳಿಗೆ ಹೋಗಿ, ತುಸು ಎತ್ತರದ ಜಾಗ ಹುಡುಕಿ, ಜನನಿಬಿಡ ರಸ್ತೆಗಳನ್ನು ಫಿಲ್ಮಿನಲ್ಲಿ, ನಿಧಾನ ಶಟರಿನಲ್ಲಿ ತೆಗೆದ ಬಣ್ಣದ ಚಿತ್ರಗಳವು. ಮುಂಬಯಿ, ಕೊಲ್ಕತ್ತಾ, ಢಾಕಾ, ಕರಾಚಿ ಎಲ್ಲ ಅದರಲ್ಲಿವೆ. 2011ರಲ್ಲಿ ವರ್ಲ್ಡ್ ಪ್ರೆಸ್ ಫೋಟೋದ ಪ್ರಶಸ್ತಿ ಬಂತು, 2015ರಲ್ಲಿ ಪುಸ್ತಕವಾಯಿತು. ಅವರ ಕಣ್ಣು ಒಳ್ಳೆಯದು. ಹರಿಯುವ ಟ್ಯಾಕ್ಸಿ, ಬಸ್ಸು, ಜನರ ನಡುವೆ ಸ್ಥಿರವಾಗಿ ಉಳಿಯುವವರು ಬೀದಿ ವ್ಯಾಪಾರಿಗಳು, ಗಿರಾಕಿಗೆ ಕಾಯುವವರು, ಸುಮ್ಮನೆ ಕೂತವರು. ನಗರ ಅಂದರೆ ವೇಗ ಅನ್ನುತ್ತಾರೆ, ಆದರೆ ಆ ವೇಗಕ್ಕೆ ಊಟ, ಚಹಾ, ಹಣ್ಣು ಕೊಡುವವರು ನಿಂತೇ ಇರುತ್ತಾರೆ. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದಕ್ಕೆ ಅವರಿಗೆ ನಾನು ಋಣಿ. ಅವರ ಚಿತ್ರಗಳನ್ನು ನೋಡುವಾಗ ಪ್ರತಿ ಗಾಡಿಯ ಹಿಂದೆ ಅಬ್ಬನನ್ನು ಹುಡುಕಿದ್ದೇನೆ ಅಂದರೆ ನಗಬೇಡಿ.

ಎರಡನೇ ಮನಸ್ಸು ಇದು. ಊರು ಬದಲಾಗುತ್ತದೆ, ಚಿತ್ರದ ಕಟ್ಟು ಬದಲಾಗುವುದಿಲ್ಲ. ಎತ್ತರದ ಜಾಗ, ಕೆಳಗೆ ಹೊಳೆ, ಹೊಳೆಯಲ್ಲಿ ಕೆಲವು ಕಲ್ಲುಗಳ ಹಾಗೆ ನಿಂತವರು. ಪುಟ ತಿರುವುತ್ತಾ ಹೋದ ಹಾಗೆ ಢಾಕಾದ ಗಲಾಟೆಗೂ ಕೈರೊದ ಗಲಾಟೆಗೂ ವ್ಯತ್ಯಾಸ ಕಡಿಮೆಯಾಗುತ್ತದೆ. ಜನರ ಮುಖ ಹೋದಾಗ ಅವರ ಭಾಷೆ, ಉಡುಪಿನ ವಿವರ, ಅವಸರದ ಕಾರಣ ಕೂಡ ಹೋಗುತ್ತದೆ. ಮೇಲಿನಿಂದ ನೋಡುವವನಿಗೆ ಜನಸಂದಣಿ ಅನ್ನುವುದು ಒಂದೇ ಬಗೆಯದು. ಕೆಳಗೆ ಇರುವವನಿಗೆ ಹಾಗಲ್ಲ. ದಾದರ್ ಪುಲ್ಲಿನ ಮೇಲಿನ ನೂಕು ಬೇರೆ, ಹಬ್ಬದ ಮುಂಚಿನ ಮೊಹಮ್ಮದ್ ಅಲಿ ರೋಡಿನ ನೂಕು ಬೇರೆ. ಮೊದಲನೆಯದರಲ್ಲಿ ಯಾರಿಗೂ ಅಲ್ಲಿರಲು ಇಷ್ಟವಿಲ್ಲ, ಎರಡನೆಯದಕ್ಕೆ ಎಲ್ಲರೂ ಬೇಕೂಂತ ಬಂದವರು. ಫಿಲ್ಟರು ಹಾಕಿದರೆ ಎರಡೂ ಒಂದೇ.

ಕೊರಿಯಾದ ಅತ್ತಾ ಕಿಮ್ ಇನ್ನೂ ಮುಂದೆ ಹೋಗಿ ಎಂಟು ಗಂಟೆ ಶಟರು ತೆರೆದಿಟ್ಟರು. ನ್ಯೂಯಾರ್ಕಿನ ರಸ್ತೆಗಳು ನಡುಹಗಲಲ್ಲಿ ಖಾಲಿಯಾದವು. ಎಲ್ಲವೂ ಒಂದು ದಿನ ಇಲ್ಲವಾಗುತ್ತದೆ ಅನ್ನುವುದು ಅವರ ವಿಚಾರ. ವಿಚಾರ ದೊಡ್ಡದು, ಒಪ್ಪುತ್ತೇನೆ. ಆದರೆ ಒಂದು ಚಿತ್ರ ನೋಡಿದ ಮೇಲೆ ಎರಡನೆಯದರಲ್ಲಿ ನೋಡಲು ನನಗೆ ಏನೂ ಸಿಗಲಿಲ್ಲ. ಎಲ್ಲರೂ ಅಳಿಸಿಹೋದ ಕಡೆ ಯಾರ ಬಗ್ಗೆಯೂ ಮಾತಾಡಲಿಕ್ಕಾಗುವುದಿಲ್ಲ.

ಇಂಥ ಚಿತ್ರಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಪರಿಚಿತವಾದದ್ದು ತವಾಫಿನದು. ಮೇಲಿನ ಮಹಡಿಯಿಂದ ತೆಗೆದದ್ದು, ನಡುವೆ ಕಾಬಾ ನಿಶ್ಚಲ, ಸುತ್ತ ಜನ ಬಿಳಿಯ ಸುಳಿಯಾಗಿದ್ದಾರೆ. ಕ್ಯಾಲೆಂಡರಿನಲ್ಲಿ, ಮೊಬೈಲಿನಲ್ಲಿ, ಅತ್ತರಿನ ಅಂಗಡಿಯ ಗೋಡೆಯಲ್ಲಿ ಎಲ್ಲ ಕಡೆ ಉಂಟು. ಉಮ್ಮ ಉಮ್ರಾ ಮುಗಿಸಿ ಬಂದ ವರ್ಷ ಅಂಥದ್ದೊಂದನ್ನು ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಸರಿ ಉಂಟು ಮೋನೆ. ಅಲ್ಲಿ ನನಗೂ ಯಾರ ಮುಖವೂ ಕಾಣ್ಲಿಲ್ಲ. ಆದ್ರೆ ಐದನೇ ಸುತ್ತಿಗೆ ನನಗೆ ತಲೆ ತಿರುಗಿದಾಗ ಒಬ್ಬಳು ಕೈ ಹಿಡಿದಳು, ಯಾವ ದೇಶದವಳೋ ಏನೋ, ಕಡೇವರೆಗೂ ಬಿಡ್ಲಿಲ್ಲ. ಅವಳು ಇದ್ರಲ್ಲಿ ಇಲ್ಲ.”

ಫೋಟೋಗ್ರಫಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಕಡಿಮೆ ಮಾತಿನಲ್ಲಿ ಎರಡೂ ಬದಿಯನ್ನು ಹೇಳಿಲ್ಲ. ಆ ಚಿತ್ರ ಸುಳ್ಳಲ್ಲ. ಅಲ್ಲಿ ‘ನಾನು’ ಕರಗುತ್ತದೆ ಅನ್ನುವುದು ಹೋಗಿಬಂದವರ ಅನುಭವವೇ. ಹಾಗೆ ಕರಗಿದ ಸಾವಿರಾರು ಜನರ ನಡುವೆ ಒಂದು ಕೈ ಇನ್ನೊಂದು ಕೈಯನ್ನು ಹಿಡಿದದ್ದೂ ಅಷ್ಟೇ ಸತ್ಯ. ಟಿಟರೆಂಕೊ ಅವರ ಕಂಬಿಯ ಮೇಲಿನ ಕೈಗಳು ನನಗೆ ದೊಡ್ಡದಾಗಿ ಕಂಡದ್ದು ಉಮ್ಮನ ಈ ಮಾತಿನ ಮೇಲೆಯೇ.

ಈ ತಂತ್ರದ ಪರವಾಗಿ ಒಂದು ಮಾತು ಹೇಳಲೇಬೇಕು. ಈಗ ಪ್ರತಿ ಕಂಬದ ಮೇಲೂ ಒಂದು ಕ್ಯಾಮೆರಾ ಉಂಟು, ಅದಕ್ಕೆ ಬೇಕಾದದ್ದು ಮುಖ. ಬೀದಿಯ ಫೋಟೋಗ್ರಾಫರನಿಗೂ ಬೇಕಾದದ್ದು ಮುಖವೇ, ಅದೂ ಕೇಳದೆ. ನಮ್ಮ ಮೊಹಲ್ಲಾಗಳಲ್ಲಿ ಕ್ಯಾಮೆರಾ ಕಂಡ ಕೂಡಲೇ ಸೆರಗು, ದುಪಟ್ಟಾ ಮುಂದೆ ಎಳೆದುಕೊಳ್ಳುವ ಹೆಂಗಸರನ್ನು ನೋಡಿದ್ದೇನೆ, ನನಗೇ ನಾಚಿಕೆಯಾಗಿದೆ. ನಿಧಾನ ಶಟರು ಅವರ ನಡಿಗೆಯನ್ನು ಇಟ್ಟುಕೊಂಡು ಮುಖವನ್ನು ಅವರಿಗೇ ಬಿಟ್ಟುಕೊಡುತ್ತದೆ. ಇದು ಸಣ್ಣ ಮರ್ಯಾದೆಯಲ್ಲ. ಆದರೆ ಇದನ್ನೇ ನೆಪ ಮಾಡಿಕೊಂಡು ಯಾರನ್ನೂ ಮಾತಾಡಿಸದೆ, ಯಾರ ಹೆಸರೂ ಕೇಳದೆ ಮೇಲಿನಿಂದ ತೆಗೆದು ಮನೆಗೆ ಹೋಗುವುದು ಮರ್ಯಾದೆ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೆ ಸೋಮಾರಿತನ ಅನ್ನುತ್ತಾರೆ.

ನನ್ನ ಸ್ವಂತ ಪ್ರಯೋಗಗಳ ಕತೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಮೊದಲು ಸ್ಕೈವಾಕಿನ ಮೇಲಿನಿಂದ ತೆಗೆದೆ. ಎಲ್ಲವೂ ಅಲುಗಾಡಿತ್ತು, ಕಟ್ಟಡಗಳು ಕೂಡ. ಜನ ನಡೆಯುವಾಗ ಸ್ಕೈವಾಕೇ ನಡುಗುತ್ತದೆ, ಟ್ರೈಪಾಡು ಏನು ಮಾಡೀತು! ಮೇಲಿನಿಂದ ತೆಗೆಯುವ ಹುಚ್ಚು ಅಲ್ಲಿಗೇ ಬಿಟ್ಟಿತು. ಕೆಳಗಿಳಿದೆ. ಟ್ರೈಪಾಡು ಬಿಚ್ಚಿದರೆ ಯಾರಾದರೂ ಬಂದು ಯಾಕೆ, ಏನು, ಯಾವ ಪೇಪರು ಅಂತ ಕೇಳುತ್ತಾರೆ. ಅದಕ್ಕೆ ಹಳೇ ಚೀಲದಲ್ಲಿ ಎರಡು ಕಿಲೋ ಅಕ್ಕಿ ತುಂಬಿ, ಗೋಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಲು ಕಲಿತೆ. ಟ್ರೈಪಾಡಿಗಿಂತ ಅದೇ ಗಟ್ಟಿ.

ಮಸ್ಜಿದ್ ಸ್ಟೇಷನ್ನಿನ ಹೊರಗೆ, ಅಬ್ಬನ ಗಾಡಿ ಇದ್ದ ಜಾಗದಿಂದ ಹತ್ತು ಹೆಜ್ಜೆ ಆಚೆ, ಈಗ ಬೇರೊಬ್ಬರ ಚಹಾದ ಗಾಡಿ ಉಂಟು. ನಾಲ್ಕು ಸಲ ಚಹಾ ಕುಡಿದ ಮೇಲೆ ಫೋಟೋ ತೆಗೆಯಲೇ ಅಂತ ಕೇಳಿದೆ. ಒಪ್ಪಿದರು. ಸಂಜೆಯ ಬೆಳಕು, ಎರಡು ಸೆಕೆಂಡು. ನಾನು ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ನೋಡಿದ್ದ ಚಿತ್ರವೇ ಬಂತು. ಗಿರಾಕಿಗಳು, ದಾರಿಹೋಕರು, ಹಮಾಲರ ಕೈಗಾಡಿಗಳು ಎಲ್ಲ ಮಂಜು. ಸ್ಟೌ ಸ್ಪಷ್ಟ, ಸಾಲಾಗಿ ಇಟ್ಟ ಕಟ್ಟಿಂಗ್ ಗ್ಲಾಸುಗಳು ಸ್ಪಷ್ಟ, ಅವರ ಮುಖ ಸ್ಪಷ್ಟ. ಖುಷಿಯಿಂದ ಸ್ಕ್ರೀನು ತೋರಿಸಿದೆ. ಅವರು ನೋಡಿ ಹಿಂದಿಯಲ್ಲಿ ಕೇಳಿದರು, “ನನ್ನ ಕೈ ಎಲ್ಲಿ ಹೋಯ್ತು?”

ನಿಜ, ಕೈ ಇರಲಿಲ್ಲ. ಮೊಣಕೈಯಿಂದ ಕೆಳಗೆ ಒಂದು ಬೆಳ್ಳಗಿನ ಗೀಟು, ಅಷ್ಟೇ. ಅವರು ಚಹಾ ಎತ್ತಿ ಸುರಿಯುತ್ತಿದ್ದರು. ಪ್ಯಾರಿಸ್ಸಿನ ಆ ಪಾಲಿಶ್ ಮಾಡುವವನು ನೂರೆಂಬತ್ತು ವರ್ಷಗಳ ಆಚೆಯಿಂದ ನನ್ನನ್ನು ನೋಡಿ ನಕ್ಕ ಹಾಗಾಯಿತು. ನಿಂತವರು ಉಳಿಯುತ್ತಾರೆ ಅನ್ನುವುದು ಅರ್ಧ ಸತ್ಯ ಅಂದೆನಲ್ಲ, ಉಳಿದರ್ಧ ಇದು: ನಿಂತು ದುಡಿಯುವವನ ದುಡಿಮೆ ಉಳಿಯುವುದಿಲ್ಲ. ಅಬ್ಬನ ಇಂಥ ಒಂದು ಚಿತ್ರ ನನ್ನ ಹತ್ರ ಇದ್ದಿದ್ದರೆ ಅದರಲ್ಲಿ ಮುಖ ಇರುತ್ತಿತ್ತು, ನಮ್ಮನ್ನು ಸಾಕಿದ ಕೈ ಇರುತ್ತಿರಲಿಲ್ಲ.

“ಊರಿಗೆ ಕಳಿಸಲಿಕ್ಕೆ ಒಂದು ಸರಿಯಾದ್ದು ತೆಗೀರಿ” ಅಂದರು ಅವರು. ಮರುದಿನ ಬೆಳಿಗ್ಗೆ ಬಂದು 250ನೇ ಒಂದು ಸೆಕೆಂಡಿನಲ್ಲಿ ಇನ್ನೊಂದು ತೆಗೆದೆ. ಕೈ ಬಂತು. ಕೆಟಲಿನಿಂದ ಇಳಿಯುವ ಚಹಾದ ಎಳೆ ಕೂಡ ಬಂತು. ಆದರೆ ಹಿಂದೆ ಓಡುತ್ತಿದ್ದ ಜನರೆಲ್ಲ ಯಾರೋ ‘ಸ್ಟ್ಯಾಚ್ಯೂ’ ಅಂದ ಹಾಗೆ ನಿಂತುಬಿಟ್ಟಿದ್ದರು, ಆ ಜಾಗದಲ್ಲಿ ಅವಸರ ಅನ್ನುವುದೇ ಇಲ್ಲವೇನೋ ಅನ್ನುವ ಹಾಗೆ. ಎರಡರದ್ದೂ ಪ್ರಿಂಟು ಮಾಡಿಸಿ ಕೊಟ್ಟೆ. ಕೈ ಇರುವುದನ್ನು ಊರಿಗೆ ಕಳಿಸಿದರು. ಕೈ ಇಲ್ಲದ್ದನ್ನು ಗಾಡಿಯ ಒಳಬದಿಗೆ, ಬಿಸ್ಕಿಟು ಡಬ್ಬಿಯ ಹಿಂದೆ ಅಂಟಿಸಿಕೊಂಡಿದ್ದಾರೆ. ಯಾಕೆ ಅಂತ ನಾನು ಕೇಳಲಿಲ್ಲ.